ತಂಪು ಕನ್ನಡಕಕ್ಕೆ ಯಾವ ಬಣ್ಣ? - ಎರಡು ಶತಮಾನಗಳ ಹುಡುಕಾಟ

ಬೇಸಿಗೆ ಶುರುವಾದೊಡನೆ ಬಸ್ ನಿಲ್ದಾಣಗಳ ಬಳಿ, ಜಾತ್ರೆಗಳಲ್ಲಿ, ರಸ್ತೆಯ ಬದಿಗಳಲ್ಲಿ ತಂಪು ಕನ್ನಡಕಗಳ ಮಾರಾಟ ಜೋರಾಗುತ್ತದೆ. ಒಂದೇ ಹಲಗೆಯ ಮೇಲೆ ಕಪ್ಪು, ಹಸಿರು, ಕಂದು, ಹಳದಿ, ನೀಲಿ, ನಸುಗೆಂಪು ಗಾಜುಗಳ ಸಾಲು. ಕೊಳ್ಳುವವರು ಒಂದೊಂದನ್ನೇ ಹಾಕಿಕೊಂಡು, ಪುಟ್ಟ ಕನ್ನಡಿಯಲ್ಲಿ ಮುಖ ನೋಡಿಕೊಂಡು ಆರಿಸುತ್ತಾರೆ. ಕಪ್ಪು ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು ಎಂಬುದು ಬಹುಮಂದಿಯ ನಂಬಿಕೆ. ಈ ನಂಬಿಕೆ ಎಷ್ಟು ಸರಿ? ಬಣ್ಣಕ್ಕೂ ರಕ್ಷಣೆಗೂ ಏನು ಸಂಬಂಧ?

ತಂಪು ಕನ್ನಡಕದಿಂದ ನಾವು ನಿರೀಕ್ಷಿಸುವ ಕೆಲಸ ಒಂದಲ್ಲ, ಮೂರು. ಕಣ್ಣಿಗೆ ಬೀಳುವ ಬೆಳಕಿನ ಪ್ರಮಾಣವನ್ನು ತಗ್ಗಿಸುವುದು ಮೊದಲನೆಯದು. ಕಣ್ಣಿಗೆ ಕಾಣದ, ಆದರೆ ಕಣ್ಣಿಗೆ ಹಾನಿ ಮಾಡುವ ಕಿರಣಗಳನ್ನು ತಡೆಯುವುದು ಎರಡನೆಯದು. ನೋಟವನ್ನು ಕೆಡಿಸುವ ಬೆಳಕನ್ನಷ್ಟೇ ಬೇರ್ಪಡಿಸಿ ತೆಗೆದು, ನೋಡಬೇಕಾದುದನ್ನು ಸ್ಪಷ್ಟಗೊಳಿಸುವುದು ಮೂರನೆಯದು. ಇವು ಮೂರೂ ಬೇರೆ ಬೇರೆ ಎಂದು ತಿಳಿಯಲು ವಿಜ್ಞಾನಕ್ಕೆ ಸುಮಾರು ಇನ್ನೂರು ವರ್ಷ ಹಿಡಿಯಿತು. ಆ ಇತಿಹಾಸವನ್ನು ನೋಡಿದರೆ ಆಯ್ಕೆಯ ಸೂತ್ರ ತಾನಾಗಿಯೇ ತಿಳಿಯುತ್ತದೆ.

ಬಣ್ಣವಿಲ್ಲದ ಕನ್ನಡಕ, ಹಸಿರಿನ ನಂಬಿಕೆ

ಅತ್ಯಂತ ಹಳೆಯ ‘ತಂಪು ಕನ್ನಡಕ’ದಲ್ಲಿ ಬಣ್ಣವೂ ಇರಲಿಲ್ಲ, ಗಾಜೂ ಇರಲಿಲ್ಲ. ಉತ್ತರ ಧ್ರುವ ಪ್ರದೇಶದ ಇನುಯಿಟ್ ಜನರು ಮೂಳೆ, ದಂತ ಅಥವಾ ಮರದ ತುಂಡಿನಲ್ಲಿ ಕಿರಿದಾದ ಅಡ್ಡ ಸೀಳುಗಳನ್ನು ಕೊರೆದು ಕಣ್ಣಿಗೆ ಕಟ್ಟಿಕೊಳ್ಳುತ್ತಿದ್ದರು. ಹಿಮದ ಮೇಲಿಂದ ಪ್ರತಿಫಲಿಸುವ ಬೆಳಕಿನಲ್ಲಿ ಒಂದು ಪಾಲು ಮಾತ್ರ ಆ ಸೀಳಿನ ಮೂಲಕ ಒಳಬರುತ್ತಿತ್ತು. ಕಾಣುವ ಬೆಳಕು, ಕಾಣದ ಕಿರಣ ಎರಡೂ ಒಂದೇ ಪ್ರಮಾಣದಲ್ಲಿ ಕಡಮೆಯಾಗುತ್ತಿದ್ದವು. ‘ಹಿಮಕುರುಡು’ ಎಂಬ ಯಾತನೆಯಿಂದ ಪಾರಾಗಲು ಅನುಭವದಿಂದ ಕಂಡುಕೊಂಡ ಈ ಉಪಾಯ ಇಂದಿನ ವಿಜ್ಞಾನದ ದೃಷ್ಟಿಯಿಂದಲೂ ನಿರ್ದುಷ್ಟವಾದುದು.

ಯೂರೋಪಿನಲ್ಲಿ ಬಣ್ಣದ ಮೋಹ ಬೇರೆ ದಾರಿಯಿಂದ ಬಂತು. ರೋಮನ್ ಲೇಖಕ ಪ್ಲಿನಿ ಕ್ರಿ.ಶ. ಒಂದನೆಯ ಶತಮಾನದಲ್ಲಿ ರತ್ನಗಳ ಬಗ್ಗೆ ಬರೆಯುತ್ತ, ಹರಳು ಕೆತ್ತುವವರು ದಣಿದ ಕಣ್ಣಿಗೆ ಹಸಿರು ಪಚ್ಚೆಯನ್ನು ನೋಡಿ ವಿಶ್ರಾಂತಿ ಕೊಡುತ್ತಿದ್ದರೆಂದು ತಿಳಿಸುತ್ತಾನೆ. ಚಕ್ರವರ್ತಿ ನೀರೋ ಮಲ್ಲರ ಕಾಳಗವನ್ನು ಅಂಥ ಹರಳಿನಲ್ಲಿ ನೋಡುತ್ತಿದ್ದನೆಂದೂ ಅವನ ಬರಹದಲ್ಲಿದೆ. ಹಸಿರು ಕಣ್ಣಿಗೆ ಹಿತ ಎಂಬ ನಂಬಿಕೆ ಶತಮಾನಗಳ ಕಾಲ ಉಳಿಯಿತು. 18ನೆಯ ಶತಮಾನದ ನಡುಭಾಗದಲ್ಲಿ ಲಂಡನ್ನಿನ ಕನ್ನಡಕ ತಯಾರಕ ಜೇಮ್ಸ್ ಆಯ್ಸ್ಕೋ, ಬಿಳಿ ಗಾಜಿನ ಬೆಳಕು ಕಣ್ಣನ್ನು ಕೆರಳಿಸುತ್ತದೆಂದು ಹೇಳಿ ಹಸಿರು ಮತ್ತು ನೀಲಿ ಛಾಯೆಯ ಗಾಜುಗಳನ್ನು ಶಿಫಾರಸು ಮಾಡಿದ. ಅವನ ಉದ್ದೇಶ ಬಿಸಿಲಿನಿಂದ ರಕ್ಷಣೆಯಲ್ಲ, ಓದುವವರ ಕಣ್ಣಿಗೆ ನೆಮ್ಮದಿ. ಬಣ್ಣದ ಆಯ್ಕೆಗೆ ಆಗ ಹಿತವೆನಿಸುವುದೇ ಆಧಾರವಾಗಿತ್ತು. ಅಳತೆಯ ಆಧಾರ ಇನ್ನೂ ಬಂದಿರಲಿಲ್ಲ.

ಬಣ್ಣದ ಗಾಜು ತೋರಿಸಿದ ಕಾಣದ ಕಿರಣ

ಅಳತೆ ಶುರುವಾದದ್ದು 1800ರಲ್ಲಿ. ಯುರೇನಸ್ ಗ್ರಹವನ್ನು ಪತ್ತೆಮಾಡಿದ ಖಗೋಳಜ್ಞ ವಿಲಿಯಂ ಹರ್ಷೆಲ್ ಸೂರ್ಯನನ್ನು ದೊಡ್ಡ ದೂರದರ್ಶಕದಲ್ಲಿ ವೀಕ್ಷಿಸಲು ಬಯಸಿದ್ದ. ಅದಕ್ಕಾಗಿ ಬೇರೆ ಬೇರೆ ಬಣ್ಣದ ಗಾಜುಗಳನ್ನು ಜೋಡಿಸಿ ನೋಡುತ್ತಿದ್ದಾಗ ಒಂದು ವಿಚಿತ್ರ ಅವನ ಗಮನಕ್ಕೆ ಬಂತು. ಕೆಲವು ಗಾಜುಗಳ ಮೂಲಕ ಬೆಳಕು ಬಹಳ ಕಡಮೆ ಬರುತ್ತಿತ್ತು, ಆದರೂ ಕಣ್ಣಿಗೆ ಬಿಸಿ ತಾಗುತ್ತಿತ್ತು. ಇನ್ನು ಕೆಲವು ಗಾಜುಗಳ ಮೂಲಕ ಬೆಳಕು ಧಾರಾಳವಾಗಿ ಬಂದರೂ ಬಿಸಿಯೇ ಇರುತ್ತಿರಲಿಲ್ಲ.

ಹಾಗಾದರೆ ಎಲ್ಲ ಬಣ್ಣಗಳೂ ಸಮನಾಗಿ ಬಿಸಿ ಮಾಡುವುದಿಲ್ಲವೆ? ಹರ್ಷೆಲ್ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಒಂದೊಂದು ಬಣ್ಣದಲ್ಲೂ ತಾಪಮಾಪಕ ಇಟ್ಟ. ನೇರಿಳೆಯಿಂದ ಕೆಂಪಿನತ್ತ ಸಾಗಿದಂತೆ ತಾಪ ಏರಿತು. ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ, ಅದು ಇನ್ನೂ ಹೆಚ್ಚಿತ್ತು. ಅವಕೆಂಪು ಕಿರಣಗಳು ಹೀಗೆ ಬೆಳಕಿಗೆ ಬಂದವು. ಮರುವರ್ಷ, 1801ರಲ್ಲಿ, ಜರ್ಮನಿಯ ಯೋಹಾನ್ ರಿಟ್ಟರ್ ವರ್ಣಪಟಲದ ಇನ್ನೊಂದು ತುದಿಯನ್ನು ಪರೀಕ್ಷಿಸಿದ. ಬೆಳಕಿಗೆ ಕಪ್ಪಾಗುವ ಸಿಲ್ವರ್ ಕ್ಲೋರೈಡ್ ನೇರಿಳೆಯ ಆಚೆಯ ಕತ್ತಲೆ ಜಾಗದಲ್ಲಿ ಅತಿ ಬೇಗ ಕಪ್ಪಾಯಿತು. ಅದು ಅತಿನೇರಿಳೆ ಕಿರಣ.

ಇಲ್ಲಿರುವ ಪಾಠವನ್ನು ಗಮನಿಸಿ. ಗಾಜಿನ ಬಣ್ಣ ಎಂದರೆ ಅದು ಕಾಣುವ ಬೆಳಕಿಗೆ, ಅಂದರೆ ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗದೂರದ ಕಿರಣಗಳಿಗೆ, ಏನು ಮಾಡುತ್ತದೆ ಎಂಬುದರ ಸೂಚನೆ ಅಷ್ಟೆ. ಆ ಎರಡು ಗಡಿಗಳ ಆಚೆ ಏನು ನಡೆಯುತ್ತಿದೆ ಎಂಬುದನ್ನು ಬಣ್ಣ ಹೇಳುವುದಿಲ್ಲ.

ಬಣ್ಣವಿಲ್ಲದ ಗಾಜೂ ಕಾಪಾಡಬಲ್ಲದು

ಈ ತಿಳಿವಳಿಕೆ ಕನ್ನಡಕಕ್ಕೆ ಇಳಿಯಲು ನೂರು ವರ್ಷ ಬೇಕಾಯಿತು. ಗಾಜಿನ ಕಾರ್ಖಾನೆಗಳಲ್ಲಿ ಬಿಳುಪಾಗಿ ಕಾದ ಗಾಜನ್ನು ದಿನವಿಡೀ ದಿಟ್ಟಿಸುವ ಕೆಲಸಗಾರರಿಗೆ ಕಣ್ಣಿನ ಪೊರೆ ಬರುವುದು ಹೆಚ್ಚಾಗಿತ್ತು. ಇದರ ಪರಿಶೀಲನೆಗೆ ಲಂಡನ್ನಿನ ರಾಯಲ್ ಸೊಸೈಟಿ ಒಂದು ಸಮಿತಿ ರಚಿಸಿತು. ಥ್ಯಾಲಿಯಂ ಧಾತುವನ್ನು ಪತ್ತೆಮಾಡಿದ ರಸಾಯನವಿಜ್ಞಾನಿ ವಿಲಿಯಂ ಕ್ರೂಕ್ಸ್ ಅದರಲ್ಲಿ ಕೆಲಸಕ್ಕೆ ತೊಡಗಿದಾಗ ಅವರಿಗೆ ಸುಮಾರು 77 ವರ್ಷ.

ಕ್ರೂಕ್ಸ್ ಗಾಜಿನ ಪಾಕಕ್ಕೆ ಬೇರೆ ಬೇರೆ ಲೋಹಗಳ ಆಕ್ಸೈಡುಗಳನ್ನು ಬೆರೆಸಿ ಮುನ್ನೂರಕ್ಕೂ ಹೆಚ್ಚು ಬಗೆಯ ಗಾಜು ತಯಾರಿಸಿದರು. ಪ್ರತಿಯೊಂದೂ ಅತಿನೇರಿಳೆಯನ್ನು ಎಷ್ಟು ಹೀರುತ್ತದೆ, ಶಾಖದ ಕಿರಣಗಳನ್ನು ಎಷ್ಟು ತಡೆಯುತ್ತದೆ, ಕಾಣುವ ಬೆಳಕನ್ನು ಎಷ್ಟು ಬಿಡುತ್ತದೆ ಎಂದು ಅಳೆದರು. 1913ರಲ್ಲಿ ಮಂಡಿಸಿದ ಅವರ ಪ್ರಬಂಧ ಎರಡು ಮುಖ್ಯ ಅಂಶಗಳನ್ನು ತೋರಿಸಿತು. ಕಬ್ಬಿಣದ ಸಂಯುಕ್ತಗಳು ಬೆರೆತ ಗಾಜು ಶಾಖದ ಕಿರಣಗಳನ್ನು ಚೆನ್ನಾಗಿ ತಡೆಯುತ್ತದೆ. ಸೀರಿಯಂ ಬೆರೆತ ಗಾಜು ಅತಿನೇರಿಳೆಯನ್ನು ಹೀರುತ್ತದೆ, ಆದರೂ ಹೆಚ್ಚುಕಡಮೆ ಬಣ್ಣವಿಲ್ಲದೆ ತಿಳಿಯಾಗಿಯೇ ಉಳಿಯಬಲ್ಲದು. ತಿಳಿ ಗಾಜು ರಕ್ಷಣೆ ಕೊಡಬಲ್ಲದು ಎಂದಮೇಲೆ, ಕಪ್ಪು ಗಾಜು ರಕ್ಷಣೆ ಕೊಟ್ಟೇ ಕೊಡುತ್ತದೆ ಎಂಬ ಭರವಸೆಗೆ ಆಧಾರ ಉಳಿಯಲಿಲ್ಲ.

ಸರಿಯಾದ ಗಾಜು ಕೈಯಲ್ಲಿದ್ದರೂ ಕಣ್ಣಿನ ಅನಿಸಿಕೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಎವರೆಸ್ಟ್ ಪರ್ವತದ ಒಂದು ಘಟನೆ ನಿದರ್ಶನ. 1924ರ ಜೂನ್ 4ರಂದು ಬ್ರಿಟಿಷ್ ತಂಡದ ಎಡ್ವರ್ಡ್ ನಾರ್ಟನ್ ಆಮ್ಲಜನಕದ ನೆರವಿಲ್ಲದೆ 8,570 ಮೀಟರ್‌ಗೂ ಹೆಚ್ಚು ಎತ್ತರ ಏರಿದರು. ಅವರ ಬಳಿ ಇದ್ದದ್ದು ಕ್ರೂಕ್ಸ್ ಗಾಜಿನ ಕನ್ನಡಕವೇ. ಆದರೆ ಹಿಮ ಕಡಮೆಯಿದ್ದ, ಕಪ್ಪು ಬಂಡೆಗಳ ಜಾಗದಲ್ಲಿ ಅದು ಬೇಕಿಲ್ಲವೆಂದು ತೆಗೆದುಬಿಟ್ಟರು. ಬರುಬರುತ್ತ ಒಂದು ವಸ್ತು ಎರಡಾಗಿ ಕಾಣತೊಡಗಿತು. ಶಿಬಿರಕ್ಕೆ ಇಳಿದ ಅಂದಿನ ರಾತ್ರಿ ಹಿಮಕುರುಡು ಕವಿಯಿತು. ಸುಮಾರು 60 ಗಂಟೆಗಳ ಕಾಲ ಅವರಿಗೆ ಏನೂ ಕಾಣಲಿಲ್ಲ.

ಕಪ್ಪು ಬಂಡೆ ಕಣ್ಣು ಕುಕ್ಕುವುದಿಲ್ಲ, ನಿಜ. ಆದರೆ ಪ್ರತಿ 1,000 ಮೀಟರ್ ಏರಿದಂತೆ ಅತಿನೇರಿಳೆಯ ಪ್ರಮಾಣ ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ ಶೇಕಡ 80ರವರೆಗೂ ಪ್ರತಿಫಲಿಸಬಲ್ಲದು. ಅತಿನೇರಿಳೆ ತಾಗುವಾಗ ಕಣ್ಣಿಗೆ ನೋವಾಗುವುದಿಲ್ಲ. ಕಾರ್ನಿಯದ ಹೊರಪದರ ಸುಟ್ಟ ನೋವು ತಿಳಿಯುವುದು ಹಲವು ಗಂಟೆಗಳ ನಂತರ. ಆದ್ದರಿಂದಲೇ ಕಣ್ಣಿನ ಮಾತನ್ನು ಕೇಳಿ ರಕ್ಷಣೆಯನ್ನು ನಿರ್ಧರಿಸುವಂತಿಲ್ಲ.

ನೀರಿನ ಹೊಳಪು: ರಾಮನ್ ಮತ್ತು ಲ್ಯಾಂಡ್

ಇನ್ನು ಮೂರನೆಯ ಕೆಲಸ, ಅಂದರೆ ಬೇಡದ ಬೆಳಕನ್ನಷ್ಟೇ ತೆಗೆಯುವುದು. ಕೆರೆಯ ನೀರು, ಮಳೆಯಲ್ಲಿ ನೆಂದ ಟಾರು ರಸ್ತೆ, ಮುಂದಿನ ಕಾರಿನ ಗಾಜು ಇವುಗಳಿಂದ ಬರುವ ಕೋರೈಸುವ ಹೊಳಪನ್ನು ಎಷ್ಟು ಕಪ್ಪು ಗಾಜು ಹಾಕಿದರೂ ಪ್ರತ್ಯೇಕವಾಗಿ ತೆಗೆಯಲಾಗದು. ಹೊಳಪಿನ ಜೊತೆಗೆ ಉಳಿದ ದೃಶ್ಯವೂ ಮಸುಕಾಗುತ್ತದೆ.

ಪ್ರತಿಫಲಿತ ಬೆಳಕಿಗೆ ಒಂದು ವಿಶೇಷ ಗುಣವಿದೆ ಎಂಬುದನ್ನು 1808ರಲ್ಲಿ ಫ್ರಾನ್ಸಿನ ಮಾಲ್ಯು ಗಮನಿಸಿದ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಿಂದ ಪ್ರತಿಫಲಿಸಿದ ಬಿಸಿಲನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡುತ್ತ ಹರಳನ್ನು ತಿರುಗಿಸಿದಾಗ ಬಿಂಬದ ತೀವ್ರತೆ ಬದಲಾಯಿತು. ಬೆಳಕು ಧ್ರುವೀಕರಣಗೊಂಡಿತ್ತು, ಅಂದರೆ ಅದರ ಕಂಪನ ಒಂದೇ ದಿಕ್ಕಿಗೆ ಸೀಮಿತವಾಗಿತ್ತು. ಧ್ರುವೀಕರಣ ಪೂರ್ಣವಾಗುವ ಕೋನದ ನಿಯಮವನ್ನು 1815ರಲ್ಲಿ ಡೇವಿಡ್ ಬ್ರೂಸ್ಟರ್ ಕೊಟ್ಟ. ನೀರಿಗೆ ಈ ಪತನಕೋನ ಸುಮಾರು 53 ಡಿಗ್ರಿ.

ಈ ತತ್ತ್ವದ ಸೊಗಸಾದ ಬಳಕೆ ನಮ್ಮ ಸಿ.ವಿ. ರಾಮನ್ ಅವರದು. 1921ರಲ್ಲಿ ಇಂಗ್ಲೆಂಡಿನಿಂದ ‘ನಾರ್ಕುಂಡಾ’ ಹಡಗಿನಲ್ಲಿ ಹಿಂತಿರುಗುವಾಗ ಅವರು ಮೆಡಿಟರೇನಿಯನ್ ಸಮುದ್ರದ ಕಡು ನೀಲಿಗೆ ಮಾರುಹೋದರು. ಆ ನೀಲಿ ಆಕಾಶದ ಪ್ರತಿಫಲನ ಮಾತ್ರ ಎಂಬುದು ಆಗಿನ ಅಭಿಪ್ರಾಯ. ರಾಮನ್ ಬ್ರೂಸ್ಟರ್ ಕೋನದಲ್ಲಿ ನೀರನ್ನು ನಿಕೋಲ್ ಪಟ್ಟಕದ ಮೂಲಕ ನೋಡಿ ಮೇಲ್ಮೈಯ ಪ್ರತಿಫಲನವನ್ನು ಅಳಿಸಿಹಾಕಿದರು. ನೀಲಿ ಮಾಯವಾಗುವ ಬದಲು ಇನ್ನಷ್ಟು ಗಾಢವಾಯಿತು! ಬಣ್ಣ ನೀರಿನೊಳಗಿನ ಚದರಿಕೆಯಿಂದ ಬರುತ್ತಿದೆ ಎಂಬುದು ಅವರಿಗೆ ಖಚಿತವಾಯಿತು. ಪೋಲರಾಯ್ಡ್ ಕನ್ನಡಕ ಧರಿಸಿ ಇಂದು ಕಾರವಾರದ ಸಮುದ್ರವನ್ನು ನೋಡುವವರು ತಮಗೆ ತಿಳಿಯದೆಯೇ ರಾಮನ್ ಅವರ ಪ್ರಯೋಗವನ್ನು ಮಾಡುತ್ತಿರುತ್ತಾರೆ.

ನಿಕೋಲ್ ಪಟ್ಟಕ ದುಬಾರಿ, ಚಿಕ್ಕದು, ಕನ್ನಡಕಕ್ಕೆ ಒಗ್ಗುವಂಥದಲ್ಲ. ಅಮೆರಿಕದ ಎಡ್ವಿನ್ ಲ್ಯಾಂಡ್ ಅಸಂಖ್ಯಾತ ಸೂಕ್ಷ್ಮ ಹರಳುಗಳನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಒಂದೇ ದಿಕ್ಕಿಗೆ ಸಾಲಾಗಿಸುವ ವಿಧಾನಕ್ಕೆ 1929ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1930ರ ದಶಕದ ಉತ್ತರಾರ್ಧದಲ್ಲಿ ಪೋಲರಾಯ್ಡ್ ಕನ್ನಡಕ ಮಾರುಕಟ್ಟೆಗೆ ಬಂತು. ರಸ್ತೆ, ನೀರುಗಳಿಂದ ಬರುವ ಹೊಳಪಿನ ಕಂಪನ ಬಹುಪಾಲು ಅಡ್ಡವಾಗಿರುತ್ತದೆ. ಲಂಬ ಕಂಪನವನ್ನು ಮಾತ್ರ ಬಿಡುವ ಗಾಜು ಹೊಳಪನ್ನು ಅಳಿಸಿ ಉಳಿದ ದೃಶ್ಯವನ್ನು ಉಳಿಸುತ್ತದೆ.

ವಿಮಾನ, ಕ್ಷಕಿರಣ, ಮಬ್ಬು

ಬಣ್ಣಕ್ಕೆ ಹಾಗಾದರೆ ಬೆಲೆಯೇ ಇಲ್ಲವೆ? ಇದೆ. ಕಾಣುವ ಬೆಳಕಿನಲ್ಲಿ ಯಾವ ಪಾಲು ಬೇಕು, ಯಾವುದು ಬೇಡ ಎಂಬುದನ್ನು ನಿರ್ಧರಿಸುವುದೇ ಬಣ್ಣ.

1916ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಟ್ರೆಂಡೆಲೆನ್‌ಬರ್ಗ್ ಕೆಂಪು ಕನ್ನಡಕದ ಒಂದು ಜಾಣ ಬಳಕೆ ತೋರಿಸಿದ. ಕ್ಷಕಿರಣದ ಮಸುಕು ಬಿಂಬ ನೋಡುವ ವೈದ್ಯರು ಮೊದಲೇ ಕತ್ತಲೆ ಕೋಣೆಯಲ್ಲಿ ಕುಳಿತು ಕಣ್ಣನ್ನು ಪಳಗಿಸಬೇಕಿತ್ತು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ರೆಟಿನಾದ ದಂಡಕೋಶಗಳಿಗೆ ಕೆಂಪು ಬೆಳಕು ತಾಗುವುದು ತೀರ ಕಡಮೆ. ಕೆಂಪು ಕನ್ನಡಕ ಹಾಕಿಕೊಂಡರೆ ಬೆಳಕಿನಲ್ಲೇ ಓಡಾಡುತ್ತ ಕಣ್ಣನ್ನು ಕತ್ತಲೆಗೆ ಸಜ್ಜುಗೊಳಿಸಬಹುದು. ಎರಡನೆಯ ಮಹಾಯುದ್ಧದಲ್ಲಿ ರಾತ್ರಿ ಹಾರಾಟದ ಪೈಲಟ್‌ಗಳು ಇದೇ ಉಪಾಯ ಬಳಸಿದರು. ಆದರೆ ಹಗಲಿನ ರಸ್ತೆಗೆ ಈ ಕನ್ನಡಕ ಸಲ್ಲದು.

1930ರ ದಶಕದಲ್ಲಿ ಅಮೆರಿಕದ ಪೈಲಟ್‌ಗಳಿಗಾಗಿ ಬಾಷ್ ಅಂಡ್ ಲಾಂಬ್ ಸಂಸ್ಥೆ ಹಸಿರು ಗಾಜಿನ ಕನ್ನಡಕ ತಯಾರಿಸಿ ರೇ-ಬ್ಯಾನ್ ಎಂಬ ಹೆಸರಿನಲ್ಲಿ ಮಾರಿತು. ಹಗಲಿನ ಬೆಳಕಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೊಮೀಟರ್ ಸುತ್ತಿನ ಹಳದಿ-ಹಸಿರಿಗೆ. ಆ ಪಾಲನ್ನು ಉಳಿಸಿಕೊಂಡು ನೀಲಿ ಮತ್ತು ಕೆಂಪಿನ ತುದಿಗಳನ್ನು ತಗ್ಗಿಸುವುದು ಹಸಿರು ಗಾಜಿನ ಲಕ್ಷಣ. 1953ರಲ್ಲಿ ಅದೇ ಸಂಸ್ಥೆ ತಂದ ಬೂದು-ಹಸಿರು ಗಾಜಿಗೆ ‘ಜಿ-15’ ಎಂದು ಹೆಸರು. ಬಂದ ಬೆಳಕಿನಲ್ಲಿ ಶೇಕಡ 15ರಷ್ಟನ್ನು ಅದು ಒಳಬಿಡುತ್ತದೆ. ಬೂದು ಸೇರಿದಷ್ಟೂ ಬಣ್ಣಗಳು ಸಹಜವಾಗಿ ಕಾಣುತ್ತವೆ.

ಹಳದಿ ಮತ್ತು ಕಂದು ಗಾಜುಗಳ ಗುಟ್ಟು ಚದರಿಕೆಯಲ್ಲಿದೆ. ಗಾಳಿಯ ಅಣುಗಳು ಮತ್ತು ಅತಿ ಸೂಕ್ಷ್ಮ ಕಣಗಳು ನೀಲಿಯನ್ನು ಹೆಚ್ಚು ಚದರಿಸುತ್ತವೆ. ದೂರದ ಬೆಟ್ಟ ನೀಲಿಯಾಗಿ ಮಸುಕಾಗುವುದು ಅದರಿಂದ. ನೀಲಿಯನ್ನು ತಡೆದರೆ ತೆಳು ಮಬ್ಬಿನಲ್ಲಿ ವಸ್ತುಗಳ ಅಂಚು ಎದ್ದು ಕಾಣುತ್ತದೆ. ಆದರೆ ಮಡಿಕೇರಿಯ ದಟ್ಟ ಮಂಜಿನ ಹನಿಗಳು ಬೆಳಕಿನ ತರಂಗದೂರಕ್ಕಿಂತ ಬಹಳ ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಸಮನಾಗಿ ಚದರಿಸುವುದರಿಂದ ಅಲ್ಲಿ ಹಳದಿ ಗಾಜು ಪವಾಡ ಮಾಡದು.

1964ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಆರ್ಮಿಸ್ಟೆಡ್ ಮತ್ತು ಸ್ಟೂಕಿ, ಸಿಲ್ವರ್ ಹ್ಯಾಲೈಡ್‌ನ ಸೂಕ್ಷ್ಮ ಹರಳುಗಳಿರುವ, ಬಿಸಿಲಿಗೆ ತಾನೇ ಕಪ್ಪಾಗುವ ಗಾಜನ್ನು ವರದಿ ಮಾಡಿದರು. ರಿಟ್ಟರನ ಪ್ರಯೋಗದ ನೆನಪು ನಿಮಗಾಗಿರಬೇಕು. ರಾಸಾಯನಿಕವೂ ಅದೇ ಕುಟುಂಬದ್ದು, ಕಪ್ಪಾಗಿಸುವುದೂ ಮುಖ್ಯವಾಗಿ ಅತಿನೇರಿಳೆಯೇ. ಆದ್ದರಿಂದ ಅತಿನೇರಿಳೆಯನ್ನು ತಡೆಯುವ ಕಾರಿನ ಮುಂಗಾಜಿನ ಹಿಂದೆ ಇಂಥ ಕನ್ನಡಕ ಸರಿಯಾಗಿ ಕಪ್ಪಾಗುವುದಿಲ್ಲ. ಸೆಕೆ ಹೆಚ್ಚಿದಾಗಲೂ ಅದು ಕಪ್ಪಾಗುವುದು ಕಡಮೆ.

ಅಂಕಿಗಳಲ್ಲಿ ಆಯ್ಕೆ

ತಂಪು ಕನ್ನಡಕಕ್ಕೆ ರಾಷ್ಟ್ರೀಯ ಮಾನಕವನ್ನು ಮೊದಲು ತಂದ ದೇಶ ಆಸ್ಟ್ರೇಲಿಯ, 1971ರಲ್ಲಿ. 2013ರಲ್ಲಿ ಬಂದ ಅಂತಾರಾಷ್ಟ್ರೀಯ ಮಾನಕ ಗಾಜುಗಳನ್ನು ಒಳಬಿಡುವ ಬೆಳಕಿಗೆ ಅನುಗುಣವಾಗಿ ಐದು ವರ್ಗಗಳಾಗಿ ವಿಂಗಡಿಸುತ್ತದೆ. 0 ವರ್ಗ ಶೇಕಡ 80ಕ್ಕಿಂತ ಹೆಚ್ಚು, 1ನೆಯದು 43ರಿಂದ 80, 2ನೆಯದು 18ರಿಂದ 43, 3ನೆಯದು 8ರಿಂದ 18, 4ನೆಯದು 3ರಿಂದ 8. ಇದು ಕಪ್ಪಿನ ಅಳತೆ. ಅತಿನೇರಿಳೆಯ ತಡೆ ಬೇರೆ ಲೆಕ್ಕ. ‘ಯುವಿ 400’ ಎಂದರೆ 400 ನ್ಯಾನೊಮೀಟರ್‌ವರೆಗಿನ ಅತಿನೇರಿಳೆಯನ್ನು ತಡೆಯುತ್ತದೆಂಬ ಸೂಚನೆ.

ಈಗ ನಿಮ್ಮ ಅಗತ್ಯಕ್ಕೆ ತಕ್ಕಂತೆ ಆರಿಸಬಹುದು.

ಬಯಲುಸೀಮೆಯ ನಡುಹಗಲಿನ ಬಿಸಿಲು, ಹೊಲ, ರಸ್ತೆ: 3ನೆಯ ವರ್ಗದ ಬೂದು ಗಾಜು. ಬಣ್ಣಗಳು ಬದಲಾಗವು, ಸಂಚಾರ ದೀಪಗಳೂ ಸರಿಯಾಗಿ ಕಾಣುತ್ತವೆ.

ಕಡಲತೀರ, ದೋಣಿ, ನೆಂದ ರಸ್ತೆ: ಧ್ರುವೀಕರಿಸುವ ಬೂದು ಅಥವಾ ಕಂದು ಗಾಜು.

ತೆಳು ಮಬ್ಬು, ಮೋಡ ಕವಿದ ಹಗಲು: 1 ಅಥವಾ 2ನೆಯ ವರ್ಗದ ಕಂದು.

ಹಿಮಾಲಯದ ಹಿಮ: ಬದಿಯಿಂದಲೂ ಬೆಳಕು ಬಾರದಂತಿರುವ 4ನೆಯ ವರ್ಗ. ಇದನ್ನು ಧರಿಸಿ ವಾಹನ ಓಡಿಸುವಂತಿಲ್ಲ.

ರಾತ್ರಿ: ಯಾವುದೂ ಬೇಡ. ಹಳದಿ ಕನ್ನಡಕ ರಾತ್ರಿಯ ಚಾಲನೆಗೆ ಒಳ್ಳೆಯದೆಂಬ ಪ್ರಚಾರವಿದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಅದು ಪಾದಚಾರಿಗಳನ್ನು ಗುರುತಿಸಲು ನೆರವಾಗಲಿಲ್ಲವೆಂದು ಕಂಡುಬಂತು.

ಗಾಢ ನೀಲಿ, ಗಾಢ ಕೆಂಪು: ಚಾಲಕರಿಗೆ ಸಲ್ಲವು.

ಸೂರ್ಯಗ್ರಹಣ: ತಂಪು ಕನ್ನಡಕ ಎಂದಿಗೂ ಸಲ್ಲದು. ವಿದ್ಯಾರ್ಥಿಗಳಿಂದ ಈ ಲೆಕ್ಕ ಮಾಡಿಸಿ. ಸಾಮಾನ್ಯ ಕಪ್ಪು ಗಾಜು ಶೇಕಡ 10 ಬೆಳಕನ್ನು ಬಿಟ್ಟರೆ, ಒಂದರ ಮೇಲೊಂದು ಇಟ್ಟ ಎರಡು ಗಾಜುಗಳು ಬಿಡುವುದು ಶೇಕಡ 1. ಗ್ರಹಣ ವೀಕ್ಷಣೆಯ ಶೋಧಕಕ್ಕೆ ಇರುವ ಮಿತಿ ಶೇಕಡ 0.0032. ಎರಡು ಕನ್ನಡಕ ಹಾಕಿದರೂ ಮಿತಿಯ 300 ಪಟ್ಟಿಗೂ ಮೀರಿದ ಬೆಳಕು ಕಣ್ಣಿಗೆ ಬೀಳುತ್ತದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಮಂಗಳೂರು, ಕೊಡಗುಗಳಲ್ಲಿ ಕಂಡಿತು. ಅಂಥ ಸಂದರ್ಭಕ್ಕೆ ಶಾಲೆಗಳು ಮೊದಲೇ ಸಿದ್ಧವಾಗಿರಬೇಕು.

ತರಗತಿಯಲ್ಲಿ ಪರೀಕ್ಷಿಸಿ

ಎಲ್ಲಕ್ಕಿಂತ ಅಪಾಯಕಾರಿಯಾದುದು ಅತಿನೇರಿಳೆಯನ್ನು ತಡೆಯದ ಗಾಢ ಕಪ್ಪು ಗಾಜು. ಕತ್ತಲೆಯೆಂದು ಭ್ರಮಿಸಿ ಕಣ್ಣಿನ ಪಾಪೆ ಅಗಲವಾಗುತ್ತದೆ. ಬಿಸಿಲಿಗೆ ತಾನಾಗಿಯೇ ಕಿರಿದಾಗುತ್ತಿದ್ದ ರೆಪ್ಪೆಗಳೂ ತೆರೆದುಕೊಳ್ಳುತ್ತವೆ. ನಿಸರ್ಗ ಕೊಟ್ಟ ಎರಡು ಬಾಗಿಲುಗಳೂ ತೆರೆದಾಗ ಅತಿನೇರಿಳೆ ಸಲೀಸಾಗಿ ಒಳನುಗ್ಗುತ್ತದೆ. ಮಕ್ಕಳ ಕಣ್ಣಿನ ಮಸೂರ ದೊಡ್ಡವರದಕ್ಕಿಂತ ತಿಳಿಯಾದುದು. ಅದರ ಮೂಲಕ ರೆಟಿನಾ ತಲುಪುವ ಅತಿನೇರಿಳೆ ಹೆಚ್ಚು. ಆದ್ದರಿಂದ ಮಕ್ಕಳ ಆಟಿಕೆ ಕನ್ನಡಕದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಇದಕ್ಕೆ ಪ್ರತಿಯಾಗಿ, ಪಾಲಿಕಾರ್ಬನೇಟ್‌ನ ಬಣ್ಣವಿಲ್ಲದ ಮಸೂರ ಅತಿನೇರಿಳೆಯನ್ನು ಬಹುಮಟ್ಟಿಗೆ ತಡೆಯುತ್ತದೆ.

ಎರಡು ಸರಳ ಪರೀಕ್ಷೆಗಳಿವೆ. ನೋಟುಗಳನ್ನು ಪರೀಕ್ಷಿಸಲು ಬಳಸುವ ಅತಿನೇರಿಳೆ ದೀಪದ ಕೆಳಗೆ ಒಂದು ನೋಟು ಇಡಿ. ಅದರ ಕ್ರಮಸಂಖ್ಯೆ ಹೊಳೆಯುತ್ತದೆ. ದೀಪಕ್ಕೂ ನೋಟಿಗೂ ನಡುವೆ ಕನ್ನಡಕದ ಗಾಜನ್ನು ಹಿಡಿದು, ನೋಟನ್ನು ಬದಿಯಿಂದ ನೋಡಿ. ಗಾಜಿನ ನೆರಳಿನಲ್ಲಿ ಹೊಳಪು ಆರಿದರೆ ಆ ದೀಪದ ಅತಿನೇರಿಳೆಯನ್ನು ಅದು ತಡೆಯುತ್ತಿದೆ ಎಂದರ್ಥ. ಹೊಳಪು ಹಾಗೆಯೇ ಉಳಿದರೆ ಆ ಕನ್ನಡಕವನ್ನು ಬಿಸಿಲಿಗೆ ಬಳಸಬೇಡಿ. ದೀಪವನ್ನು ಯಾರೂ ನೇರವಾಗಿ ನೋಡದಂತೆ ಶಿಕ್ಷಕರು ಎಚ್ಚರ ವಹಿಸಬೇಕು. ಎರಡನೆಯದಾಗಿ, ಕ್ಯಾಲ್ಕುಲೇಟರ್‌ನ ಪರದೆಯನ್ನು ಗಾಜಿನ ಮೂಲಕ ನೋಡುತ್ತ ಗಾಜನ್ನು ನಿಧಾನವಾಗಿ ತಿರುಗಿಸಿ. ಪರದೆ ಒಂದು ಕೋನದಲ್ಲಿ ಕಪ್ಪಾದರೆ ಅದು ಧ್ರುವೀಕರಿಸುವ ಗಾಜು.

ಪೆಟ್ಟಿಗೆಯಲ್ಲಿರುವ ತಿಳಿ, ಕಪ್ಪು, ಹಸಿರು, ಕಂದು ಗಾಜುಗಳನ್ನೆಲ್ಲ ಹೀಗೆ ಪರೀಕ್ಷಿಸಿ, ಫಲಿತಾಂಶವನ್ನು ಪಟ್ಟಿ ಮಾಡಿಸಿ. ಯಾವುದು ಕಾಪಾಡುತ್ತದೆಂದು ಮೊದಲು ಬಣ್ಣ ನೋಡಿಯೇ ಊಹಿಸಲು ಹೇಳಿ. ಆಮೇಲೆ ಊಹೆಯನ್ನೂ ಅಳತೆಯನ್ನೂ ಹೋಲಿಸಿ. ಹರ್ಷೆಲ್ ಮತ್ತು ಕ್ರೂಕ್ಸ್ ಹಿಡಿದ ದಾರಿಯೂ ಇದೇ.